ಸಂಘ ಸೇರುವುದಿಲ್ಲವೆಂಬ ಮುಚ್ಚಳಿಕೆಗೆ ಬೆಲೆಯಿದೆಯೇ?

ಪ್ರಶ್ನೆ: ಕೆಲಸಕ್ಕೆ ಸೇರುವಾಗ ಯಾವುದೇ ಕಾರ್ಮಿಕ ಸಂಘದ ಸದಸ್ಯನಾಗುವುದಿಲ್ಲವೆಂದು ನನ್ನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಈಗ ಸಹೋದ್ಯೋಗಿಗಳು ಸಂಘ ಕಟ್ಟಿದ್ದಾರೆ. ಆಡಳಿತ ಮಂಡಳಿಯು ತಾನೇ ನೇಮಿಸಿದ ಸಮಿತಿಯೊಡನೆ ಮಾತ್ರ ಮಾತನಾಡುವುದಾಗಿ ಹೇಳುತ್ತಿದೆ. ನಾನು ಸಂಘ ಸೇರಬಹುದೇ?

ಉತ್ತರ: ಸೇರಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ 98ನೇ ಒಡಂಬಡಿಕೆಯ ಮೊದಲ ವಿಧಿಯೇ, ಸಂಘ ಸೇರಬಾರದು ಅಥವಾ ಸದಸ್ಯತ್ವ ಬಿಡಬೇಕು ಎಂಬ ಷರತ್ತಿನ ಮೇಲೆ ಕೆಲಸ ಕೊಡುವುದರಿಂದಲೂ, ಸಂಘದ ಸದಸ್ಯರೆಂಬ ಕಾರಣಕ್ಕೆ ವಜಾ ಮಾಡುವುದರಿಂದಲೂ ಕಾರ್ಮಿಕರಿಗೆ ರಕ್ಷಣೆ ಇರಬೇಕೆಂದು ಹೇಳುತ್ತದೆ. ಕೆಲಸದ ಅನಿವಾರ್ಯತೆಯಲ್ಲಿದ್ದವರಿಂದ ಪಡೆದ ಇಂಥ ಸಹಿಯನ್ನು ಸ್ವಂತ ಇಚ್ಛೆಯ ಒಪ್ಪಿಗೆಯೆಂದು ಕರೆಯುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಆಡಳಿತದ ಹಿಡಿತದಲ್ಲಿರುವ ಸಂಘಗಳನ್ನು ಹುಟ್ಟುಹಾಕುವುದನ್ನು ಅದೇ ಒಡಂಬಡಿಕೆಯ ಎರಡನೆಯ ವಿಧಿ ಹಸ್ತಕ್ಷೇಪವೆಂದು ಪರಿಗಣಿಸುತ್ತದೆ. ಮಾಲೀಕರು ನೇಮಿಸಿದ ಸಮಿತಿ ಕ್ಯಾಂಟೀನು, ಸುರಕ್ಷತೆಯಂಥ ವಿಷಯಗಳಲ್ಲಿ ಉಪಯುಕ್ತವಾಗಬಹುದು; ಆದರೆ ಕಾರ್ಮಿಕರು ತಾವೇ ಆರಿಸಿಕೊಂಡ ಸಂಘವನ್ನು ಬದಿಗಿಡಲು ಅದು ನೆಪವಾಗಬಾರದು.

ನಿಮ್ಮ ದೇಶವು ಈ ಒಡಂಬಡಿಕೆಯನ್ನು ಅನುಮೋದಿಸದಿದ್ದರೂ, ಸಂಘಟನಾ ಸ್ವಾತಂತ್ರ್ಯವನ್ನೂ ಸಾಮೂಹಿಕ ಚೌಕಾಸಿಯ ಹಕ್ಕನ್ನೂ ಗೌರವಿಸುವ ಹೊಣೆ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಇದೆಯೆಂದು ಅದೇ ಸಂಘಟನೆಯ 1998ರ ಘೋಷಣೆ ಸಾರಿದೆ. ಆದರೂ ಪರಿಹಾರ ಸಿಗುವ ದಾರಿಯನ್ನು ತೀರ್ಮಾನಿಸುವುದು ಆಯಾ ದೇಶದ ಕಾಯಿದೆಯೇ ಆದ್ದರಿಂದ, ಸ್ಥಳೀಯ ಕಾರ್ಮಿಕ ವಕೀಲರನ್ನು ತಪ್ಪದೆ ಕಾಣಿರಿ.

ಸಂಘ ಸೇರಿದ್ದಕ್ಕಾಗಿ ವಜಾ ಮಾಡಿದ್ದೇವೆಂದು ಆದೇಶದಲ್ಲಿ ಯಾರೂ ಬರೆಯುವುದಿಲ್ಲ. ಸದಸ್ಯತ್ವದ ರಸೀದಿ ಪಡೆದ ಮರುವಾರವೇ, ಅದುವರೆಗೆ ಯಾರೂ ಲೆಕ್ಕಿಸದ ಐದು ನಿಮಿಷದ ತಡಕ್ಕೆ ಕಾರಣ ಕೇಳುವ ನೋಟಿಸು ಬರುತ್ತದೆ, ಇಲ್ಲವೇ ಪಾಳಿ ಬದಲಾಗುತ್ತದೆ. ಆಗ ನಿಮ್ಮ ನೆರವಿಗೆ ಬರುವುದು ದಿನಾಂಕಗಳ ಕ್ರಮ. ಆದ್ದರಿಂದ ರಸೀದಿ, ಹಾಜರಾತಿ, ನೋಟಿಸು, ಅದಕ್ಕೆ ಕೊಟ್ಟ ಉತ್ತರ, ಇವೆಲ್ಲದರ ಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಸಂಘದ ಕೆಲಸವನ್ನು ಕೆಲಸದ ವೇಳೆಯ ಹೊರಗೆ, ಅಥವಾ ಮಾಲೀಕರ ಒಪ್ಪಿಗೆಯಿದ್ದರೆ ವೇಳೆಯೊಳಗೆ ಮಾಡಿರಿ. 98ನೇ ಒಡಂಬಡಿಕೆ ರಕ್ಷಣೆ ಕೊಡುವುದು ಈ ಮಿತಿಯೊಳಗೆ.

ಪ್ರಶ್ನೆ: ಸಂಘ ಮಾಡಿಕೊಂಡ ವೇತನ ಒಪ್ಪಂದ ಸದಸ್ಯರಲ್ಲದವರಿಗೂ ಅನ್ವಯಿಸುತ್ತದೆಯೇ?

ಉತ್ತರ: ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಅದರ ವ್ಯಾಪ್ತಿಗೆ ಬರುವ ವರ್ಗದ ಎಲ್ಲ ಕಾರ್ಮಿಕರಿಗೂ ಅನ್ವಯಿಸಬೇಕೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 91ನೇ ಶಿಫಾರಸಿನ ನಿಲುವು. ನಿಮ್ಮ ನೇಮಕಾತಿ ಪತ್ರದ ಷರತ್ತು ಒಪ್ಪಂದಕ್ಕಿಂತ ನಿಮಗೆ ಹೆಚ್ಚು ಅನುಕೂಲಕರವಾಗಿದ್ದರೆ, ಆ ಷರತ್ತೇ ಉಳಿಯಬೇಕೆಂಬುದೂ ಅದೇ ಶಿಫಾರಸಿನ ನಿಲುವು.