ಸಿಪಾರಿಯಾ ಚರ್ಚ್‌ಗೆ ಹಿಂದೂಗಳು ಯಾಕೆ ಹೋಗುತ್ತಾರೆ?

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಸಿಪಾರಿಯಾ ಊರಿನ ಕ್ಯಾಥೊಲಿಕ್ ಚರ್ಚ್‌ಗೆ ಹಿಂದೂಗಳು ಯಾಕೆ ಹರಕೆ ಹೊತ್ತು ಹೋಗುತ್ತಾರೆ ಅಂತ ಕೇಳಿದ್ದೀರಿ. ಆ ಊರು ಮೊದಲು ಸ್ಪೇನ್‌ನ ಕಪುಚಿನ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಪಂಥದ ಪಾದ್ರಿಗಳು 18ನೇ ಶತಮಾನದಲ್ಲಿ ಅಲ್ಲಿನ ಮೂಲನಿವಾಸಿಗಳಿಗಾಗಿ ಕಟ್ಟಿಕೊಂಡ ಸಣ್ಣ ಮಿಷನ್ ಹಳ್ಳಿ, ಅಂದರೆ ಮತಪ್ರಚಾರದ ನೆಲೆ. ಚರ್ಚ್‌ನಲ್ಲಿರುವುದು ಲಾ ದಿವಿನಾ ಪಾಸ್ತೋರಾ, ಅಂದರೆ ಕುರಿ ಕಾಯುವ ರೂಪದ ಮೇರಿ ಮಾತೆ. ಮೂರ್ತಿ ವೆನೆಜುವೆಲಾದಿಂದ ಬಂತು ಅನ್ನುವುದು ಅಲ್ಲಿನವರ ನಂಬಿಕೆ.

1845ರಲ್ಲಿ ಫತೆಲ್ ರಝಾಕ್ ಹಡಗಿನಿಂದ ಶುರುವಾಗಿ 1917ರವರೆಗೆ ಸುಮಾರು 1,40,000 ಭಾರತೀಯರು ಕಬ್ಬಿನ ತೋಟಗಳಿಗೆ ಕೂಲಿ ಕರಾರಿನ ಮೇಲೆ ಹೋದರಲ್ವಾ, ಊರು, ಗುಡಿ, ನೆಂಟರು ಎಲ್ಲ ಬಿಟ್ಟು ಬಂದ ಆ ಜನಕ್ಕೆ ಕಪ್ಪು ಮೈಬಣ್ಣದ ಈ ತಾಯಿ ತಮ್ಮವಳೇ ಅನ್ನಿಸಿದಳು. ಹೆಸರೂ ಇಟ್ಟರು: ಸಿಪಾರಿ ಮಾಯಿ. ಕೆಲವರಿಗೆ ಅವಳು ಕಾಳಿ, ಕೆಲವರಿಗೆ ದುರ್ಗೆ.

ಗುಡ್ ಫ್ರೈಡೇ ಮತ್ತು ಅದರ ಹಿಂದಿನ ದಿನ ಜಾಸ್ತಿ ಬರುವವರು ಹಿಂದೂಗಳೇ. ಅಕ್ಕಿ, ಎಣ್ಣೆ, ಹೂವು ಒಪ್ಪಿಸುತ್ತಾರೆ. ಮಗುವಿನ ಮೊದಲ ಕೂದಲು ತೆಗೆಸುತ್ತಾರೆ, ನಮ್ಮಲ್ಲಿ ದೇವರಿಗೆ ಮುಡಿ ಕೊಡುವ ಹಾಗೆಯೇ. ಇದನ್ನು ಸುಮ್ನೆ ಧರ್ಮಗಳ ಕಲಬೆರಕೆ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಥೊಲಿಕರ ಹಬ್ಬ ಈಸ್ಟರ್ ಕಳೆದ ಮೇಲೆ, ಆಗ ಮೂರ್ತಿಯ ಮೆರವಣಿಗೆ ಊರೊಳಗೆ ಹೋಗುತ್ತದೆ. ಹೋಗುವ ಆಸೆಯಿದ್ದರೆ ಎರಡನ್ನೂ ನೋಡಿ.