ಉಪನಗರದ ಅಂಗಡಿಗಳ ಚರಿತ್ರೆ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ನೀವು ಬೆಳೆದ ಉಪನಗರ ಮತ್ತು ಅಲ್ಲಿನ ಅಂಗಡಿಗಳ ಚರಿತ್ರೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ದಿನಸಿ ವ್ಯಾಪಾರಿಯೊಬ್ಬರ ಸಾಲದ ಪುಸ್ತಕವನ್ನು ವಿವರಿಸುವ ಒಂದು ಪುಟದ ಸಲುವಾಗಿ, ತಿದ್ದಿ ಮತ್ತೆ ಕಳುಹಿಸಿ ಎಂದು ಕೇಳುತ್ತಿದ್ದೇನೆ. ಕೆಲವರು ತಿಂಗಳಿಗೊಮ್ಮೆ, ಕೆಲವರು ವಾರಕ್ಕೊಮ್ಮೆ ಬಾಕಿ ತೀರಿಸುತ್ತಿದ್ದರೆಂಬ ಆ ಲೆಕ್ಕವನ್ನು ನೋಡಿದರೆ, ಸಂಬಳದಾರರೂ ವಾರಗೂಲಿಯವರೂ ಒಂದೇ ಬೀದಿಯಲ್ಲಿ ಬಾಳಿದ್ದರೆಂದು ಊಹಿಸಬಹುದು. ನೀವು ಮಾತ್ರ ವ್ಯಾಪಾರಿಯ ಸೌಜನ್ಯವನ್ನು ಹೊಗಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಉಳಿದ ಪುಟಗಳ ದೋಷವೂ ಇದೇ. ಅಂಗಡಿ ತೆರೆಯುತ್ತದೆ, ಮಗ ವಹಿಸಿಕೊಳ್ಳುತ್ತಾನೆ, ಒಂದು ದಿನ ಬಾಗಿಲು ಮುಚ್ಚುತ್ತದೆ. ಏಕೆಂದು ನೀವು ಎಲ್ಲಿಯೂ ಕೇಳುವುದಿಲ್ಲ. ಹೊಲವನ್ನು ನಿವೇಶನವಾಗಿಸಿದವರು ಯಾರು, ಅಂಗಡಿಗಳು ನಿಲ್ದಾಣದ ಒಂದೇ ಬದಿಯಲ್ಲಿ ಸಾಲುಗಟ್ಟಿದ್ದೇಕೆ? ಫಲಕದ ಮೇಲಿನ ಸ್ಥಾಪನೆಯ ವರ್ಷ ಮಾಲೀಕರ ಹೇಳಿಕೆಯಷ್ಟೆ (ಹಳೆಯದಾದಷ್ಟೂ ವ್ಯಾಪಾರಕ್ಕೆ ಲಾಭ!), ಅದನ್ನು ಪರವಾನಗಿ ದಾಖಲೆ, ತೆರಿಗೆ ಪುಸ್ತಕ, ಹಳೆಯ ದೂರವಾಣಿ ಕೈಪಿಡಿ, ಪತ್ರಿಕೆಯ ಜಾಹೀರಾತು ಇವುಗಳಲ್ಲಿ ಎರಡರೊಂದಿಗಾದರೂ ತಾಳೆ ನೋಡಿ.

‘ನಾವೆಲ್ಲ ಒಂದೇ ಕುಟುಂಬದಂತಿದ್ದೆವು’ ಎಂಬ ವಾಕ್ಯ ನಾಲ್ಕು ಕಡೆ ಬಂದಿದೆ. ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡಿನಲ್ಲಿ 1947ರಿಂದ 1951ರವರೆಗೆ 17,000ಕ್ಕೂ ಹೆಚ್ಚು ಮನೆಗಳೊಂದಿಗೆ ಎದ್ದುನಿಂತ ಲೆವಿಟೌನ್ ಎಂಬ ಉಪನಗರದ ಆರಂಭದ ಒಪ್ಪಂದಪತ್ರಗಳು, ಮನೆಗೆಲಸದವರ ಹೊರತು ಬಿಳಿಯರಲ್ಲದ ಯಾರೂ ಅಲ್ಲಿ ವಾಸಿಸಕೂಡದೆಂದು ವಿಧಿಸಿದ್ದವು. ಅಲ್ಲಿನ ಮೊದಲ ನಿವಾಸಿಗಳನ್ನಷ್ಟೇ ಮಾತನಾಡಿಸಿದರೆ ಅವರೂ ನಿಮ್ಮ ವಾಕ್ಯವನ್ನೇ ಹೇಳಿಯಾರು. ನಿಮ್ಮಲ್ಲಿ ಮನೆ ಸಿಗದವರು, ಮಳಿಗೆ ಬಾಡಿಗೆಗೆ ಸಿಗದವರು ಯಾರೆಂದು ವಿಚಾರಿಸಿದ್ದೀರಾ?

ಸಣ್ಣ ಅಂಗಡಿಗಳು ಮುಚ್ಚಿದ್ದಕ್ಕೆ ಮಾಲ್ ಒಂದನ್ನೇ ದೂರಿರುವುದೂ ಅವಸರದ ತೀರ್ಪು. ಅಮೆರಿಕದ ಮಿನಿಯಾಪೊಲಿಸ್ ಬಳಿ 1956ರಲ್ಲಿ ತೆರೆದ ಸೌತ್‌ಡೇಲ್ ಎಂಬ ಮುಚ್ಚುಮಾಡಿನ ಮಾಲನ್ನು ರೂಪಿಸಿದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್, ಚದುರಿದ ಉಪನಗರಕ್ಕೆ ಜನ ನಡೆದಾಡುವ ನಡುಮನೆಯೊಂದನ್ನು ಕೊಡಬಯಸಿದ್ದರು. ಆದರೆ ಅದರ ಸುತ್ತ ಹಬ್ಬಿದ್ದು ಕಾರು ನಿಲ್ಲಿಸುವ ಬಯಲು. ನಿಮ್ಮ ಉಪನಗರದಲ್ಲಿಯೂ ಕಾರು, ಬಾಡಿಗೆ, ಅಂಗಡಿ ಬೇಡವೆಂದ ಮಕ್ಕಳು, ಇವುಗಳಲ್ಲಿ ಯಾವುದು ಮೊದಲು ಬಂತೆಂಬುದನ್ನು ಅಂಗಡಿ ಮುಚ್ಚಿದವರಿಂದಲೇ ಕೇಳಿ ಬರೆಯಿರಿ.

ಸಾಲದ ಪುಸ್ತಕದ ಛಾಯಾಚಿತ್ರವನ್ನು ಮತ್ತೆ ಕಳುಹಿಸುವಾಗ ದಯವಿಟ್ಟು ಬಾಕಿದಾರರ ಹೆಸರುಗಳನ್ನು ಮರೆಮಾಡಿ; ಅವರ ಮೊಮ್ಮಕ್ಕಳು ನಮ್ಮ ಓದುಗರಾಗಿರಬಹುದು.

ಇಂತು,
ಸಂಪಾದಕ