ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಇದನ್ನೂ ಫಾರಂನಲ್ಲಿ ಬರೀಬೇಕಾ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಅವನ ಸಂವಹನ, ಸ್ವಯಂ ನಿಯಂತ್ರಣ, ಸೃಜನಶೀಲತೆಯನ್ನು ಒಂದು ತಿಂಗಳು ಮನೆಯಲ್ಲಿ ಗಮನಿಸಿ ಬರೆದುಕೊಡಿ ಎಂದು ಪ್ರೀಸ್ಕೂಲ್‌ನವರು ಫಾರಂ ಕೊಟ್ಟಿದ್ದಾರೆ. ಇವನೋ, ಆಡುವಾಗ ಒಬ್ಬನೇ ಗುಣುಗುಣು ಮಾತಾಡುತ್ತಾನೆ. ಸೋತರೆ ರಂಪ ಮಾಡುತ್ತಾನೆ. ಚಿತ್ರ ಬಿಡಿಸು ಅಂದರೆ ಬರೀ ಗೀಚುತ್ತಾನೆ. ಏನಂತ ಬರೆಯಲಿ?

ಉತ್ತರ: ಈಗ ನನಗೆ ಬರೆದಿರಲ್ಲ, ಅದನ್ನೇ ಇನ್ನೂ ಹತ್ತಿರದಿಂದ ನೋಡಿ ಬರೆಯಿರಿ. ‘ಚೆನ್ನಾಗಿ ಮಾತಾಡ್ತಾನೆ’, ‘ಹಠ ಜಾಸ್ತಿ’ ಅಂತ ತುಂಬಿಸಿ ಕೊಟ್ಟರೆ ಟೀಚರ್‌ಗೆ ಏನೂ ತಿಳಿಯುವುದಿಲ್ಲ. ಏನು ಮಾಡುತ್ತಿದ್ದ, ಏನಂದ, ಆಮೇಲೆ ಏನಾಯಿತು, ಇಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ಅವನ ಮಾತನ್ನು ಅವನ ಬಾಯಲ್ಲಿ ಬಂದ ಹಾಗೇ ಇಡಿ, ತಿದ್ದಬೇಡಿ.

ಆ ಗುಣುಗುಣು ಮಾತಿಗೆ ಹೆದರಬೇಡಿ. ನಿಮ್ಮ ಫಾರಂಗೆ ಅದಕ್ಕಿಂತ ಒಳ್ಳೆಯ ಸರಕು ಇನ್ನೊಂದಿಲ್ಲ. ಬ್ಲಾಕ್ ಜೋಡಿಸುವಾಗ ಕಿವಿಗೊಟ್ಟು ಕೇಳಿ. ‘ದೊಡ್ಡದು ಕೆಳಗೆ... ಅಲ್ಲಲ್ಲ, ಬೀಳುತ್ತೆ... ನಿಧಾನ, ನಿಧಾನ’ ಅಂತಿರಬಹುದು. ಆ ‘ನಿಧಾನ’ ಎಲ್ಲಿಂದ ಬಂತು? ಬಹುಶಃ ನಿಮ್ಮಿಂದಲೇ. ದೊಡ್ಡವರು ಹೇಳಿಕೊಟ್ಟ ಮಾತನ್ನು ಮಗು ತನಗೆ ತಾನೇ ಹೇಳಿಕೊಂಡು ಕೆಲಸ ನಡೆಸುತ್ತದೆ, ಮುಂದೆ ಅದೇ ಮಾತು ಮನಸ್ಸಿನೊಳಗಿನ ಯೋಚನೆಯಾಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896–1934) ವಿವರಿಸಿದ್ದರು. ಕೆಲಸ ಕಷ್ಟವಾದಷ್ಟೂ ಈ ಮಾತು ಜಾಸ್ತಿಯಾಗುವುದುಂಟು. ಹಾಗಾಗಿ ಇದನ್ನು ಸಂವಹನದ ಕಾಲಂನಲ್ಲಿ ಬರೆಯಬೇಕೋ, ಸ್ವಯಂ ನಿಯಂತ್ರಣದ ಕಾಲಂನಲ್ಲೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡಕ್ಕೂ ಸಲ್ಲುತ್ತದೆ. ಈ ಕಾಲಂಗಳೆಲ್ಲ ದೊಡ್ಡವರ ಅನುಕೂಲಕ್ಕೆ ಮಾಡಿಕೊಂಡದ್ದು, ಅಲ್ವಾ?

ಇನ್ನು ರಂಪ. ನಾಲ್ಕು ವರ್ಷದವರು ಸೋತು ಅಳುವುದು ದೊಡ್ಡ ಸುದ್ದಿಯಲ್ಲ. ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು, ಯಾವುದರಿಂದ ಆಯಿತು, ಆಗ ನಿದ್ದೆಗೆಟ್ಟಿದ್ದನಾ, ಹಸಿದಿದ್ದನಾ, ಅದನ್ನು ಬರೆಯಿರಿ. ತಾನಾಗಿಯೇ ಯಾವ ಉಪಾಯ ಮಾಡುತ್ತಾನೆ ಎಂಬುದೂ ಮುಖ್ಯ. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರ ಹೆಸರಾಂತ ಮಾರ್ಷ್‌ಮೆಲೋ ಪ್ರಯೋಗದಲ್ಲಿ (ಎದುರಿಗಿಟ್ಟ ತಿಂಡಿಯನ್ನು ಕೂಡಲೇ ತಿನ್ನದೆ ಕಾದರೆ ಆಮೇಲೆ ಹೆಚ್ಚು ಸಿಗುತ್ತದೆ ಅನ್ನುವ ಪರೀಕ್ಷೆ) ತಿಂಡಿ ಮುಟ್ಟದೆ ಕಾದ ಮಕ್ಕಳಲ್ಲಿ ಎಷ್ಟೋ ಮಂದಿ ಕಣ್ಣು ಮುಚ್ಚಿಕೊಂಡರು, ಹಾಡಿಕೊಂಡರು, ಬೇರೆ ಕಡೆ ತಿರುಗಿ ಕೂತರು. ನಿಮ್ಮವನು ಮೂಲೆಗೆ ಹೋಗಿ ದಿಂಬು ಅಪ್ಪಿಕೊಂಡರೆ ಅದೂ ಇಂಥದ್ದೇ ಜಾಣತನ. ಹಾಗಂತ ಮನೆಯಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಹಾಗೆ ಕಾದ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆ ಅಂತ ಹೇಳುವುದುಂಟು. ಆದರೆ ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಕಾಯುವುದಕ್ಕೂ ಮುಂದಿನ ಓದಿಗೂ ಇರುವ ನಂಟು ತೀರಾ ಸಡಿಲ ಎಂದು 2018ರ ಅಧ್ಯಯನವೊಂದು ತೋರಿಸಿದೆ.

ಗೀಚುವುದೂ ಚಿತ್ರವೇ. ‘ಇದೇನು?’ ಅಂತ ಕೇಳುವ ಬದಲು ‘ಇದರ ಬಗ್ಗೆ ಹೇಳು’ ಅನ್ನಿ. ಕೆಲವೊಮ್ಮೆ ಗೀಚಿದ್ದು ಒಂದೇ ಗೆರೆ, ಕಥೆ ಮಾತ್ರ ಉದ್ದ! ಸೃಜನಶೀಲತೆ ಕಾಗದದ ಮೇಲೇ ಇರಬೇಕೆಂದೇನಿಲ್ಲ. ಬಕೆಟ್ ಬೋರಲು ಹಾಕಿ ಬಸ್ ಮಾಡಿಕೊಂಡನಾ? ಬಕೆಟ್ ಕಿತ್ತುಕೊಂಡರೆ ಕಥೆಯನ್ನೇ ಬದಲಾಯಿಸಿದನಾ? ಬರೆದುಕೊಳ್ಳಿ.

ದಿನಕ್ಕೆ ಹತ್ತು ನಿಮಿಷ ನೋಡಿದರೆ ಸಾಕು. ಮಧ್ಯೆ ಪ್ರಶ್ನೆ ಬೇಡ. ಮೊಬೈಲ್ ಹಿಡಿದು ವಿಡಿಯೊ ಮಾಡಿದರೆ ಆಟ ನಿಂತು ನಾಟಕ ಶುರುವಾಗುತ್ತದೆ. ಬರೆದದ್ದನ್ನು ಅವನ ಎದುರಿಗೇ ನೆಂಟರಿಗೆ ಓದಿ ಹೇಳಬೇಡಿ.

ಒಂದು ವಿಷಯಕ್ಕೆ ಮಾತ್ರ ತಿಂಗಳು ಮುಗಿಯಲಿ ಅಂತ ಕಾಯಬಾರದು. ಅವನ ಮಾತು ಹೊರಗಿನವರಿಗೆ ಹೆಚ್ಚುಕಮ್ಮಿ ಅರ್ಥವೇ ಆಗುತ್ತಿಲ್ಲ, ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ ಅಂತಾದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ.